50 ತಟ್ಟೆಗಳ ಒಂದು ವರ್ಷ

ದಿನಕ್ಕೆ 25 ಕಿಲೋ ಅಕ್ಕಿ, ಹನ್ನೆರಡೂವರೆ ಕಿಲೋ ರಾಗಿ, 6 ಕಿಲೋ ಬೇಳೆ, ಹನ್ನೊಂದೂವರೆ ಕಿಲೋ ತರಕಾರಿ, ಏಳೂವರೆ ಲೀಟರ್ ಹಾಲು, 5 ಕಿಲೋ ಮೊಸರು, ಒಂದೂಕಾಲು ಕಿಲೋ ಎಣ್ಣೆ. 50 ಮಕ್ಕಳಿರುವ ಅನಾಥಾಲಯವೊಂದರ ಅಡುಗೆಮನೆಗೆ ಬೇಕಾದ ಮುಖ್ಯ ಸಾಮಾನು ಇಷ್ಟು. 2015ರ ಬಾಲನ್ಯಾಯ ಕಾಯ್ದೆಗೆ ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲಿ ಒಂದೊಂದು ಮಗುವಿಗೂ ದಿನಕ್ಕೆ ಎಷ್ಟೆಷ್ಟು ಗ್ರಾಂ ಎಂಬ ಪಟ್ಟಿಯೇ ಇದೆ. ಧಾನ್ಯ 600 ಗ್ರಾಂ, ಅದರಲ್ಲಿ 100 ಗ್ರಾಂ ಗೋಧಿ, ರಾಗಿ ಅಥವಾ ಜೋಳ. ಬೇರೆಯಾಗಿ ರಾಗಿ ಅಥವಾ ಮೆಕ್ಕೆಜೋಳ 150 ಗ್ರಾಂ. ಬೇಳೆಕಾಳು 120, ಸೊಪ್ಪು 100, ಉಳಿದ ತರಕಾರಿ 130, ಎಣ್ಣೆ 25, ಈರುಳ್ಳಿ 25, ಬೆಳ್ಳುಳ್ಳಿ 5 ಗ್ರಾಂ. 16 ದಾಟಿದ ಮಕ್ಕಳಿಗೆ ಧಾನ್ಯ 700 ಗ್ರಾಂ. ಪಟ್ಟಿ ಬರೆದವರಿಗೆ ಬೆಳೆಯುವ ಮಕ್ಕಳ ಹಸಿವು ಗೊತ್ತಿತ್ತು.

ಪರದೇಶದಲ್ಲಿರುವ ಕನ್ನಡ ಕುಟುಂಬಗಳು ಊರ ಕಡೆಯ ಅನಾಥಾಲಯವೊಂದಕ್ಕೆ ಹಣ ಕೂಡಿಸಲು ಹೊರಟಾಗ ಮೊದಲು ನೋಡಬೇಕಾದ ಪಟ್ಟಿ ಇದೇ ಎಂದು ನನಗನ್ನಿಸುತ್ತದೆ. ಆದರೆ ಮಾತು ಶುರುವಾಗುವುದು ಕಟ್ಟಡದಿಂದ, ಕಂಪ್ಯೂಟರ್ ಕೋಣೆಯಿಂದ. ಕಟ್ಟಡ ಬೇಡವೆಂದಲ್ಲ. ಅದೇ ನಿಯಮಗಳ ಪ್ರಕಾರ 25 ಮಕ್ಕಳಿಗೆ 1000 ಚದರಡಿಯ ಒಂದು ಮಲಗುವ ಕೋಣೆ ಬೇಕು, ಅಂದರೆ ತಲೆಗೆ 40 ಚದರಡಿ. 50 ಮಕ್ಕಳಿಗೆ 5 ಸ್ನಾನದ ಮನೆ, 8 ಶೌಚಾಲಯ ಬೇಕು. ಇವೆಲ್ಲ ಒಮ್ಮೆ ಕಟ್ಟಿದರೆ ಮುಗಿಯುವ ಖರ್ಚು. ಬೇಳೆಯದು ಹಾಗಲ್ಲ, ನಾಳೆ ಬೆಳಿಗ್ಗೆ ಮತ್ತೆ 6 ಕಿಲೋ ಬೇಕು.

ಈ ಲೆಕ್ಕವನ್ನು ಕುದಾಪುರದ ಸುತ್ತಲಿನ ಸೀಮೆಗೆ ಇಳಿಸಿ ನೋಡೋಣ. ಚಳ್ಳಕೆರೆ ತಾಲ್ಲೂಕಿನ ಈ ಊರನ್ನು ಹೊರಗಿನವರು ಈಗ ಗುರುತಿಸುವುದು ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆ ಕ್ಯಾಂಪಸ್ಸಿನಿಂದ. ಸುತ್ತಲಿನದು ಮಳೆ ಕಡಿಮೆಯ ನಾಡು, ಹೊಲದಲ್ಲಿ ಶೇಂಗಾ, ಕಾವಲುಗಳಲ್ಲಿ ಕುರಿ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೆಸರಿದೆ, ಕಂಬಳಿಗೂ ಹೆಸರಿದೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಮಗ್ಗಗಳಿವೆ. ಮಳೆ ಕೈಕೊಟ್ಟ ವರ್ಷ ದುಡಿಯಲು ಊರು ಬಿಡುವವರಿದ್ದಾರೆ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಇಂಥ ಕಡೆ 50 ಮಕ್ಕಳ ಒಂದು ನಿಲಯವಿದೆ ಎಂದಿಟ್ಟುಕೊಳ್ಳಿ.

ರಾಗಿ ಒಂದು ಮಗುವಿಗೆ ದಿನಕ್ಕೆ 250 ಗ್ರಾಂನಂತೆ ವರ್ಷಕ್ಕೆ 45.6 ಕ್ವಿಂಟಲ್. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4886 ರೂಪಾಯಿ. ಒಟ್ಟು 2 ಲಕ್ಷ 23 ಸಾವಿರ. ಅಕ್ಕಿ 9125 ಕಿಲೋ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ರಾಜ್ಯ ಸರ್ಕಾರ ಕೊಟ್ಟ ಕಿಲೋಗೆ 34 ರೂಪಾಯಿಯ ದರ ಹಿಡಿದರೂ 3 ಲಕ್ಷ 10 ಸಾವಿರ. ಬೇಳೆ 2190 ಕಿಲೋ. ನೂರು ಕಿಲೋ ತೊಗರಿಗೆ 70 ಕಿಲೋ ಬೇಳೆ ಸಿಕ್ಕೀತೆಂದು ಹಿಡಿದರೆ 31 ಕ್ವಿಂಟಲಿಗೂ ಮೇಲೆ ತೊಗರಿ ಬೇಕು, 2025-26ರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 8000ದಂತೆ ಅದು ಎರಡೂವರೆ ಲಕ್ಷ. ಎಣ್ಣೆ 456 ಕಿಲೋ. ಸಿಪ್ಪೆ ಸಮೇತ ನೂರು ಕಿಲೋ ಶೇಂಗಾಕ್ಕೆ ಹೆಚ್ಚುಕಡಿಮೆ 30 ಕಿಲೋ ಎಣ್ಣೆ ಎಂದರೆ 15 ಕ್ವಿಂಟಲಿನಷ್ಟು ಕಾಯಿ. ಅದೇ 2025-26ರ ಬೆಂಬಲ ಬೆಲೆ 7263ರಂತೆ 1 ಲಕ್ಷ 10 ಸಾವಿರ. ಹಾಲು 2737 ಲೀಟರ್, ಮೊಸರು 1825 ಕಿಲೋ. ನಂದಿನಿಯ 2025ರ ಏಪ್ರಿಲ್ ದರ ಹಾಲಿಗೆ 46, ಮೊಸರಿಗೆ 54. ಎರಡೂ ಸೇರಿ 2 ಲಕ್ಷ 24 ಸಾವಿರ. ವಾರಕ್ಕೆ ನಾಲ್ಕು ದಿನ ಮೊಟ್ಟೆ ಕೊಟ್ಟರೆ ವರ್ಷಕ್ಕೆ 10,400 ಮೊಟ್ಟೆ, ಶಾಲೆಗಳಲ್ಲಿ ಸರ್ಕಾರ ಕೊಡುವ 6 ರೂಪಾಯಿ ದರದಲ್ಲಿ 62 ಸಾವಿರ. ತರಕಾರಿ 4197 ಕಿಲೋ. ಇದಕ್ಕೆ ಬೆಂಬಲ ಬೆಲೆಯಿಲ್ಲ, ಸರಾಸರಿ 40 ರೂಪಾಯಿ ಎಂದು ನಾನೇ ಇಟ್ಟುಕೊಂಡಿದ್ದೇನೆ: 1 ಲಕ್ಷ 68 ಸಾವಿರ.

ಎಲ್ಲ ಕೂಡಿಸಿದರೆ ಸುಮಾರು 13 ಲಕ್ಷ 47 ಸಾವಿರ. ಒಂದು ಮಗುವಿಗೆ ತಿಂಗಳಿಗೆ 2245 ರೂಪಾಯಿ. ಇದರಲ್ಲಿ ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಖಾರ, ಹುಣಸೆ, ಅವಲಕ್ಕಿ, ರವೆ ಯಾವುದೂ ಇಲ್ಲ. ಗ್ಯಾಸಿನ ಸಿಲಿಂಡರಿಲ್ಲ. ಗಿರಣಿ ಕೂಲಿ, ಸಾಗಾಣಿಕೆ, ಅಂಗಡಿಯವರ ಲಾಭ ಹಿಡಿದಿಲ್ಲ. ಬೆಂಬಲ ಬೆಲೆ ಎಂಬುದು ರೈತರ ಕೈಗೆ ಬರಬೇಕಾದ ಹಣ, ಕಿರಾಣಿ ಅಂಗಡಿಯ ಚೀಟಿಯಲ್ಲಿ ಕಾಣುವುದು ಅದಕ್ಕಿಂತ ಹೆಚ್ಚು.

ಸರ್ಕಾರದ ನೆರವು ಪಡೆಯುವ ನಿಲಯಗಳಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿನ ಪಾಲನೆಗೆಂದು ತಿಂಗಳಿಗೆ ಸಿಗುವುದು 3000 ರೂಪಾಯಿ. ಮೇಲಿನ ಅಗ್ಗದ ಲೆಕ್ಕದ ಊಟ ಕಳೆದರೆ ಉಳಿಯುವುದು 755. ಬಟ್ಟೆ, ಚಪ್ಪಲಿ, ಸೋಪು, ಎಣ್ಣೆ, ಹೆಣ್ಣುಮಕ್ಕಳ ಪ್ಯಾಡು, ನೋಟ್‌ಬುಕ್ಕು, ಬಸ್ಸಿನ ಹಣ, ಜ್ವರದ ಔಷಧ ಎಲ್ಲವೂ ಈ 755ರಲ್ಲಿ ಆಗಬೇಕು. ನೆರವೇ ಇಲ್ಲದ ಖಾಸಗಿ ನಿಲಯಕ್ಕೆ ಆ 3000ವೂ ಇಲ್ಲ. ದೂರದ ದಾನಿಗಳ ಹಣ ನಿಜವಾಗಿ ಬೇಕಾಗಿರುವ ಜಾಗ ಇದು, ಮತ್ತು ಇದರ ಪಕ್ಕದಲ್ಲೇ ಇರುವ ಸಂಬಳದ ಸಾಲು. 100 ಮಕ್ಕಳ ನಿಲಯಕ್ಕೆ ನಿಯಮ ಹೇಳುವ ಸಿಬ್ಬಂದಿಯಲ್ಲಿ ಮನೆತಾಯಿ ಅಥವಾ ಮನೆತಂದೆಯಾಗಿ ನಾಲ್ವರು, ಆಪ್ತ ಸಮಾಲೋಚಕರು ಇಬ್ಬರು, ಅಡುಗೆಯವರು ಇಬ್ಬರು ಇರಬೇಕು. ದೇಣಿಗೆಯ ಫಲಕದಲ್ಲಿ ಕೋಣೆ, ಕೊಳವೆಬಾವಿ, ಬಸ್ಸುಗಳಿಗೆ ದಾನಿಗಳ ಹೆಸರಿರುತ್ತದೆ. ಮನೆತಾಯಿಯ ಸಂಬಳ ಕೊಟ್ಟವರ ಹೆಸರು ಎಲ್ಲೂ ಬರೆದಿರುವುದಿಲ್ಲ, ಅದಕ್ಕೇ ಆ ಹಣ ಕೂಡುವುದಿಲ್ಲ. ರಾತ್ರಿ ಕನಸು ಕಂಡು ಬೆಚ್ಚಿದ ಮಗುವಿನ ಪಕ್ಕ ಹೋಗಿ ಕೂರುವುದು ಆ ಮನೆತಾಯಿಯೇ.

ನಮ್ಮಲ್ಲಿ ಹಂಚಿಕೊಂಡು ಹೊರುವ ರೂಢಿ ಹಳೆಯದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು 10,000 ಮಕ್ಕಳಿಗೆ ಊಟ, ವಸತಿ, ಓದು ನಡೆದುಬಂದಿರುವುದಕ್ಕೆ ಭಕ್ತರು ಸುಗ್ಗಿಯಲ್ಲಿ ಕೊಡುವ ರಾಗಿ, ಭತ್ತವೂ ಕಾರಣ. ಕುದಾಪುರಕ್ಕೆ ಹತ್ತಿರದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರನ್ನು ಈ ಸೀಮೆ ನೆನೆಯುವುದೂ ಕೆರೆ ಕಟ್ಟಿಸಿ ದುಡಿದವರಿಗೆ ದುಡಿದಷ್ಟು ಕೊಟ್ಟವರೆಂದೇ. ಚಾಮರಾಜನಗರದಲ್ಲಿ ಜಿ.ಎಸ್. ಜಯದೇವ ಅವರು 1992ರಲ್ಲಿ ಆರಂಭಿಸಿದ ದೀನಬಂಧು ಮಕ್ಕಳ ನಿಲಯ ಮೂರು ದಶಕ ದಾಟಿ ನಿಂತಿದೆ. ಇಷ್ಟು ಕಾಲ ನಿಲ್ಲುವುದೇ ಈ ಕೆಲಸದಲ್ಲಿ ಕಷ್ಟದ ಭಾಗ.

ಪರದೇಶದಿಂದ ಹಣ ಬರುವ ದಾರಿಗೂ ಅಂಕಿಗಳಿವೆ. 1991ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ಆಶಾ ಫಾರ್ ಎಜುಕೇಷನ್ ಸ್ವಯಂಸೇವಕರಿಂದಲೇ ನಡೆಯುವ ಸಂಸ್ಥೆ. ಒಂದು ಗಂಟೆಯ ಸಂಬಳ ಕೊಡಿ ಎಂಬ ಅದರ ಅಭಿಯಾನ ನನಗೆ ತುಂಬ ಹಿಡಿಸಿದ್ದು. ಗಂಟೆಗೆ 50 ಡಾಲರ್ ದುಡಿಯುವವರ ಒಂದು ಗಂಟೆ, ಡಾಲರಿಗೆ 85 ರೂಪಾಯಿ ಹಿಡಿದರೆ, 4250 ರೂಪಾಯಿ. ಕಾರ್ಡಿನಲ್ಲಿ ಕೊಟ್ಟಾಗ ಸಾಮಾನ್ಯವಾಗಿ ನೂರಕ್ಕೆ 2.9ರಷ್ಟು ಮತ್ತು ಮೇಲೆ 30 ಸೆಂಟ್ ಕಡಿತವಾಗುತ್ತದೆ. 25 ಡಾಲರಿಗೆ ಇದು ನೂರಕ್ಕೆ 4.1, 100 ಡಾಲರಿಗೆ 3.2. ನಾಲ್ಕು ಸಲ ಸಣ್ಣದಾಗಿ ಕೊಡುವ ಬದಲು ಒಮ್ಮೆ ಕೊಟ್ಟರೆ ಮಕ್ಕಳಿಗೆ ಒಂದಿಷ್ಟು ಹೆಚ್ಚು ತಲುಪುತ್ತದೆ.

ಹಣ ಭಾರತಕ್ಕೆ ಬಂದ ಮೇಲೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. 2020ರ ತಿದ್ದುಪಡಿಯ ನಂತರ ಇಂಥ ಹಣವೆಲ್ಲ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿದಿದೆ. ಒಂದು ಸಂಸ್ಥೆ ತಾನು ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಹೀಗಾಗಿ ಬೆಂಗಳೂರಿನ ದೊಡ್ಡ ಸಂಸ್ಥೆ ಪಡೆದು ಹಳ್ಳಿಯ ಚಿಕ್ಕ ನಿಲಯಕ್ಕೆ ಹಂಚುವ ದಾರಿ ಮುಚ್ಚಿದೆ. ಈ ಕಾಯ್ದೆಯಡಿ ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಕೆಲಸಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ಹಲವರಿಗೆ ಗೊತ್ತಿರದ ಒಂದು ಸಂಗತಿ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದರೆ ಅದು ವಿದೇಶಿ ದೇಣಿಗೆ. ಒಂದೇ ಮನೆಯ ಗಂಡ ಹೆಂಡತಿಯ ಹಣಕ್ಕೆ ಎರಡು ಬೇರೆ ಬೇರೆ ನಿಯಮ ಬೀಳಬಹುದು. ಕನ್ನಡ ಕೂಟದಲ್ಲಿ ಹಣ ಎತ್ತುವ ಮೊದಲೇ ಇದನ್ನು ವಿಂಗಡಿಸಿಕೊಳ್ಳಬೇಕು.

ವಸ್ತು ಕಳಿಸುವ ಆಸೆಯನ್ನು ಬಿಡಿ ಎಂದೇ ನಾನು ಹೇಳುತ್ತೇನೆ. 23 ಕಿಲೋದ ಎರಡು ಸೂಟ್‌ಕೇಸಿನಲ್ಲಿ ಹಳೆಯ ಸ್ವೆಟರ್ ತರುವ ಬದಲು ಚಳ್ಳಕೆರೆಯಲ್ಲೇ ಕಂಬಳಿ ಕೊಂಡರೆ ನೇಯುವವರ ಮನೆಗೂ ನಾಲ್ಕು ಕಾಸು. ಮಕ್ಕಳ ಜೊತೆ ಎರಡು ವಾರ ಕಳೆಯಲು ಬರುವವರ ಟಿಕೆಟ್ ಒಂದು ಲಕ್ಷವಾದರೆ, ಆ ಹಣ ಇಬ್ಬರು ಮಕ್ಕಳ ಒಂದು ವರ್ಷದ ಪ್ರಾಯೋಜಕತ್ವಕ್ಕೆ ಸಾಕು. ಇದು ಹಣದ ಮಾತಷ್ಟೇ ಅಲ್ಲ. ಬಂದು ಮುದ್ದಿಸಿ ಹೊರಟುಹೋಗುವವರ ಸಾಲು ಮಕ್ಕಳಿಗೆ ಮತ್ತೆ ಮತ್ತೆ ಅಗಲಿಕೆಯನ್ನೇ ಕೊಡುತ್ತದೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಮಕ್ಕಳ ಹಕ್ಕುಗಳ ನಿರ್ಣಯ ಅನಾಥಾಲಯ ಪ್ರವಾಸದ ಹಾನಿಯನ್ನು ಹೆಸರಿಸಿಯೇ ಹೇಳಿದೆ.

ಪ್ರಾಯೋಜಕತ್ವ ಎಂದೆ. ಮಿಷನ್ ವಾತ್ಸಲ್ಯದಲ್ಲಿ ಮಗುವನ್ನು ಅಜ್ಜಿ, ಚಿಕ್ಕಮ್ಮ ಅಥವಾ ಒಂಟಿ ತಾಯಿಯ ಬಳಿಯೇ ಉಳಿಸಿ ತಿಂಗಳಿಗೆ 4000 ಕೊಡುವ ವ್ಯವಸ್ಥೆಯಿದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ಮೀರಿರಬಾರದು. ಜಗತ್ತಿನ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ನೂರಕ್ಕೆ 80ರಷ್ಟು ಮಂದಿಗೆ ತಂದೆ ಅಥವಾ ತಾಯಿ ಇದ್ದಾರೆಂಬ ಅಂದಾಜಿದೆ. ಅವರನ್ನು ಅಲ್ಲಿಗೆ ಕಳಿಸಿದ್ದು ಬಹುಪಾಲು ಬಡತನ. ಬಾಲನ್ಯಾಯ ಕಾಯ್ದೆಯೂ ನಿಲಯವನ್ನು ಕೊನೆಯ ದಾರಿ ಎನ್ನುತ್ತದೆ. ಖಾಸಗಿಯವರೂ ಪ್ರಾಯೋಜಕರಾಗಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿಗಳ ಮೂಲಕ ಹೋಗಬೇಕು. ಯಾರೂ ಇಲ್ಲದ ಮಗುವಿಗೆ, ಮನೆಯೇ ಅಪಾಯವಾದ ಮಗುವಿಗೆ ನಿಲಯ ಬೇಕೇ ಬೇಕು, ಅದನ್ನು ಚೆನ್ನಾಗಿ ನಡೆಸಲೇಬೇಕು. ಉಳಿದವರಿಗೆ ಮೊದಲು ಮನೆ.

20 ಕುಟುಂಬಗಳು ತಿಂಗಳಿಗೆ 50 ಡಾಲರಿನಂತೆ ಕೂಡಿಸಿದರೆ ಕಾರ್ಡಿನ ಕಡಿತ ಹೋಗಿ 965 ಡಾಲರ್, 82,025 ರೂಪಾಯಿ. 20 ಮಕ್ಕಳಿಗೆ ಸಾಕು. ಆದರೆ 8 ವರ್ಷದ ಮಗುವಿಗೆ 18 ತುಂಬಲು 120 ತಿಂಗಳು, ಒಬ್ಬರಿಗೇ 4 ಲಕ್ಷ 80 ಸಾವಿರ. ಹತ್ತು ವರ್ಷದಲ್ಲಿ ಯಾರಿಗೋ ಕೆಲಸ ಹೋಗುತ್ತದೆ, ಯಾರೋ ಊರು ಬದಲಿಸುತ್ತಾರೆ. ಅದಕ್ಕೆ 15 ಮಕ್ಕಳನ್ನು ಮಾತ್ರ ಒಪ್ಪಿಕೊಳ್ಳುವುದು ಲೇಸು. ತಿಂಗಳಿಗೆ 60,000 ಖರ್ಚಾಗಿ 22,025 ಉಳಿಯುತ್ತದೆ. ವರ್ಷಕ್ಕೆ 2 ಲಕ್ಷ 64 ಸಾವಿರ ಕೂಡುತ್ತದೆ, ದಾನಿಗಳೆಲ್ಲ ಒಮ್ಮೆಲೇ ಕೈಬಿಟ್ಟರೂ 15 ಮಕ್ಕಳಿಗೆ ನಾಲ್ಕು ತಿಂಗಳು ಹಣ ತಪ್ಪುವುದಿಲ್ಲ.