ಮಾರಿಷಸ್ಸಿನ ಮೊದಲ ಮಂತ್ರಿಮಂಡಲ

ಮಡಗಾಸ್ಕರಕ್ಕೆ ಮೂಡಣದಲ್ಲಿ, ಕಬ್ಬಿನ ಗದ್ದೆಗಳನ್ನೇ ಹೊದ್ದು ಮಲಗಿದಂತಿರುವ ಮಾರಿಷಸ್ ದ್ವೀಪದಲ್ಲಿ ಮೂಲನಿವಾಸಿಗಳೆಂಬವರು ಯಾರೂ ಇಲ್ಲ. ಡಚ್ಚರು ಬಂದು ಬಿಟ್ಟುಹೋದ ನೆಲವನ್ನು ಫ್ರೆಂಚರು ಬೆಳೆಸಿದರು. ಅವರಿಗಾಗಿ ದುಡಿಯಲು ಆಫ್ರಿಕ ಮಡಗಾಸ್ಕರಗಳಿಂದ ಗುಲಾಮರು ಬಂದರು. ಗುಲಾಮಗಿರಿ ಅಳಿದ ಕಾಲಕ್ಕೆ, ಆ ವೇಳೆಗೆ ಒಡೆಯರಾಗಿದ್ದ ಆಂಗ್ಲರು ಬಿಹಾರ, ಮದರಾಸು, ಮುಂಬಯಿ ಪ್ರಾಂತ್ಯಗಳಿಂದ ಕರಾರಿನ ಕೂಲಿಗಳನ್ನು ಹಡಗು ತುಂಬಿ ತಂದರು. ಅಂಗಡಿಯಿಡಲು ಚೀನೀಯರು ಬಂದರು. ಹೀಗೆ ಬಂದವರ ಸಂತತಿ ಎಂಟು ಲಕ್ಷದ ಸುಮಾರಿಗೆ ಬೆಳೆದಿದ್ದಾಗ, 1968ರ ಮಾರ್ಚ್ 12ರಂದು, ಆ ನಾಡು ಸ್ವತಂತ್ರವಾಯಿತು. ಇಂಥಲ್ಲಿ ಮಂತ್ರಿಮಂಡಲವನ್ನು ರಚಿಸಹೊರಟವನು ಯಾವ ಪಕ್ಷಕ್ಕೆ ಎಷ್ಟು ಸ್ಥಾನವೆಂಬ ಲೆಕ್ಕದೊಡನೆ ಯಾವ ಜನಕ್ಕೆ ಎಷ್ಟು ಸ್ಥಾನವೆಂಬ ಲೆಕ್ಕವನ್ನೂ ಇಡಬೇಕಾಗುತ್ತದೆ. ಆ ಎರಡು ಲೆಕ್ಕಗಳೂ ತಾಳೆಯಾಗುವುದು ಅಪರೂಪ.

ಮೊದಲ ಸರ್ಕಾರವನ್ನು ವಹಿಸಿಕೊಂಡದ್ದು ಚುನಾವಣೆಗೆ ಮುನ್ನವೇ ಒಂದುಗೂಡಿದ್ದ ಮೂರು ಪಕ್ಷಗಳ ಕೂಟ. ಅವುಗಳಲ್ಲಿ ಹಿರಿದಾದ ಲೇಬರ್ ಪಕ್ಷವು 1936ರಲ್ಲಿ ಹುಟ್ಟಿದ್ದು. ಅದರ ನಾಯಕರಾದ ಶಿವಸಾಗರ ರಾಮಗೂಲಾಮರು ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಬಂದ ಕೂಲಿಯ ಮಗ, ಮೃದುಭಾಷಿ, ಎದುರಾಳಿಯನ್ನು ಸೋಲಿಸುವುದಕ್ಕಿಂತ ಒಲಿಸಿಕೊಳ್ಳುವುದರಲ್ಲಿ ನಿಪುಣರು. ಎರಡನೆಯದಾದ ಇಂಡಿಪೆಂಡೆಂಟ್ ಫಾರ್ವರ್ಡ್ ಬ್ಲಾಕ್ ಪಕ್ಷದ ಸುಖದೇವ ವಿಷ್ಣುದಯಾಳರು ಇದಕ್ಕೆ ತದ್ವಿರುದ್ಧವಾದ ಪ್ರಕೃತಿಯವರು. ರಾಜಿಯೆಂದರೆ ಸಿಡಿಮಿಡಿಗೊಳ್ಳುವ ಹಟವಾದಿ. ಆದರೆ ಹಳ್ಳಿಗಳಲ್ಲಿ ಅವರ ಮನೆತನಕ್ಕಿದ್ದ ಗೌರವಕ್ಕೆ ಬಲವಾದ ಕಾರಣವಿತ್ತು. ಯಾವುದಾದರೂ ಒಂದು ಭಾಷೆಯಲ್ಲಿ ಸ್ವಲ್ಪ ಓದುಬರಹ ಬಲ್ಲವರಿಗೂ ಮತದಾನದ ಹಕ್ಕು ದೊರೆಯುವಂತಾದಾಗ, ಅವರ ಅಣ್ಣ ವಾಸುದೇವರೂ ಅವರ ಸ್ವಯಂಸೇವಕರೂ 1948ರ ಚುನಾವಣೆಗೆ ಮುಂಚೆ ಊರೂರು ತಿರುಗಿ, ಹಗಲೆಲ್ಲ ಕಬ್ಬು ಕಡಿದು ಬಂದವರ ಕೈಗೆ ಸೀಮೆಸುಣ್ಣ ಕೊಟ್ಟು, ತಮ್ಮ ಹೆಸರನ್ನು ತಾವೇ ಬರೆಯುವುದನ್ನು ಕಲಿಸಿದ್ದರು. ಆ ದ್ವೀಪದ ಪ್ರಜಾಪ್ರಭುತ್ವವು ಲಂಡನ್ನಿನ ಸಮ್ಮೇಳನಗಳಲ್ಲಿ ಹುಟ್ಟಿತೆಂದು ಹೇಳುವವರು ಈ ಸೀಮೆಸುಣ್ಣವನ್ನು ಮರೆಯುತ್ತಾರೆ. ಮೂರನೆಯ ಪಕ್ಷ ಮುಸಲ್ಮಾನರದು. ಅದರ ಧುರೀಣ ಅಬ್ದುಲ್ ರಜಾಕ್ ಮೊಹಮದರು ಕಲ್ಕತ್ತೆಯಲ್ಲಿ ಹುಟ್ಟಿ ರಾಜಧಾನಿ ಪೋರ್ಟ್ ಲೂಯಿಯಲ್ಲಿ ನೆಲೆಸಿದವರು. ತಮ್ಮ ಜನ ಮತಪೆಟ್ಟಿಗೆಯಲ್ಲಿ ಮುಳುಗಿಹೋಗದಂತೆ ಶಾಸನಬದ್ಧವಾದ ಅಭಯ ಬೇಕೆಂಬುದು ಅವರ ಪಟ್ಟು.

ಆ ಅಭಯವು ತಾಳಿದ ರೂಪವನ್ನು ಹತ್ತಿರದಿಂದ ನೋಡುವುದು ಲೇಸು. ಇಡಿಯ ದ್ವೀಪವನ್ನು ಇಪ್ಪತ್ತು ಕ್ಷೇತ್ರಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಮೂವರಂತೆ ಪ್ರತಿನಿಧಿಗಳನ್ನಿಟ್ಟು, ದೂರದ ರೋಡ್ರಿಗ್ಸ್ ದ್ವೀಪಕ್ಕೆ ಇಬ್ಬರನ್ನು ಸೇರಿಸಿದರೆ ಅರವತ್ತೆರಡು ಸ್ಥಾನಗಳಾದವು. ಇವುಗಳ ಮೇಲೆ ಇನ್ನೆಂಟು ಸ್ಥಾನಗಳು ಸೋತವರಿಗೆ! ಉಮೇದುವಾರನು ನಾಮಪತ್ರದಲ್ಲಿ ತಾನು ಹಿಂದುವೋ, ಮುಸಲ್ಮಾನನೋ, ಚೀನೀಯನೋ, ಈ ಮೂರೂ ಅಲ್ಲದ 'ಸಾಮಾನ್ಯ ಜನತೆ'ಗೆ ಸೇರಿದವನೋ ಎಂಬುದನ್ನು ಬರೆದುಕೊಡತಕ್ಕದ್ದು. ಮತಗಳ ಎಣಿಕೆಯಾದ ಬಳಿಕ ಯಾವ ಜನಾಂಗಕ್ಕೆ ಪ್ರಾತಿನಿಧ್ಯ ಕಡಮೆಯಾಯಿತೆಂದು ಲೆಕ್ಕಹಾಕಿ, ಆ ಜನಾಂಗದ ಪರಾಜಿತರಲ್ಲಿ ಮೇಲ್ಗಡೆಯವರನ್ನು ಕರೆದು ಸಭೆಯಲ್ಲಿ ಕೂರಿಸುವರು. ಮೊದಲ ನಾಲ್ಕು ಸ್ಥಾನಗಳು ಜನಾಂಗದ ಸಮತೋಲಕ್ಕೆ, ಉಳಿದ ನಾಲ್ಕು ಅದರಿಂದ ಪಕ್ಷಬಲ ಏರುಪೇರಾಗದಂತೆ ಸರಿಪಡಿಸುವುದಕ್ಕೆ. 'ಬೆಸ್ಟ್ ಲೂಸರ್' ಎಂದು ಪ್ರಸಿದ್ಧವಾದ ಈ ವ್ಯವಸ್ಥೆಯನ್ನು ನೋಡಿ ನಗುವವರಿದ್ದಾರೆ. ಮನುಷ್ಯನಿಗೆ ಜಾತಿಯ ಚೀಟಿಯನ್ನು ಅಂಟಿಸುತ್ತದೆಂದು ಸಿಟ್ಟಾಗುವವರೂ ಇದ್ದಾರೆ. ಸಿಟ್ಟು ನ್ಯಾಯವಾದುದೇ. ಆದರೂ ಮೀಸಲು ಕ್ಷೇತ್ರಗಳಾಗಲಿ ಪ್ರತ್ಯೇಕ ಮತದಾರ ಪಟ್ಟಿಗಳಾಗಲಿ ಇಲ್ಲದೆ, ಹೆದರಿದವನಿಗೊಂದು ಕುರ್ಚಿಯನ್ನು ಒದಗಿಸಿದ ಈ ಯುಕ್ತಿಗಿಂತ ಮೇಲಾದುದನ್ನು ಅಂದಿನವರು ಕಂಡುಹಿಡಿಯಬಹುದಿತ್ತೆಂದು ನನಗೆ ತೋರುವುದಿಲ್ಲ.

ಏಕೆಂದರೆ ಹೆದರಿಕೆ ಸುಳ್ಳಾಗಿರಲಿಲ್ಲ. 1967ರ ಆಗಸ್ಟ್ 7ರ ಚುನಾವಣೆಯಲ್ಲಿ ಮೂರು ಪಕ್ಷಗಳ ಕೂಟಕ್ಕೆ ನಲವತ್ತಮೂರು ಸ್ಥಾನಗಳೂ, ಸ್ವಾತಂತ್ರ್ಯ ಬೇಡ, ಬ್ರಿಟನ್ನಿನೊಡನೆ ಸಹಯೋಗವೇ ಸಾಕೆಂದು ವಾದಿಸಿದ ಗೇತಾಂ ದ್ಯುವಾಲರ ಪಕ್ಷಕ್ಕೆ ಇಪ್ಪತ್ತೇಳೂ ಲಭಿಸಿದವು. ಸ್ಥಾನಗಳ ಅಂತರ ದೊಡ್ಡದು. ಆದರೆ ನೂರಕ್ಕೆ ನಲವತ್ತನಾಲ್ಕು ಮತಗಳು ಸ್ವಾತಂತ್ರ್ಯಕ್ಕೆ ವಿರುದ್ಧವಾಗಿ ಬಿದ್ದಿದ್ದವು. ತಮ್ಮ ಬಿಡುಗಡೆಯನ್ನೇ ಇಷ್ಟುಮಂದಿ ಬೇಡವೆಂದ ದೇಶಗಳು ಚರಿತ್ರೆಯಲ್ಲಿ ವಿರಳ. 1968ರ ಜನವರಿಯಲ್ಲಿ ರಾಜಧಾನಿಯ ಗಲ್ಲಿಗಳಲ್ಲಿ ಗುಲಾಮರ ಸಂತತಿಯವರಾದ ಕ್ರಿಯೋಲರಿಗೂ ಮುಸಲ್ಮಾನರಿಗೂ ರಕ್ತಪಾತವಾಗಿ, ಆಂಗ್ಲ ಸೈನಿಕರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಸ್ವಾತಂತ್ರ್ಯೋತ್ಸವಕ್ಕೆ ಬರಬೇಕಾಗಿದ್ದ ಬ್ರಿಟನ್ನಿನ ರಾಜಕುಮಾರಿ ಅಲೆಕ್ಸಾಂಡ್ರ ಬರಲಿಲ್ಲ. ಕುದುರೆ ಜೂಜಿನ ಮೈದಾನವಾದ ಷಾಂ ದ ಮಾರ್ಸ್‌ನಲ್ಲಿ ಕೆಂಪು, ನೀಲಿ, ಹಳದಿ, ಹಸಿರು ಪಟ್ಟಿಗಳ ಧ್ವಜ ಏರುವಾಗ ನಾಡು ಇನ್ನೂ ತುರ್ತುಪರಿಸ್ಥಿತಿಯಲ್ಲಿತ್ತು. ಮೇಲಾಗಿ, ಚಾಗೋಸ್ ದ್ವೀಪಸಮೂಹವನ್ನು ಬ್ರಿಟನ್ನು 1965ರಲ್ಲಿಯೇ ಕತ್ತರಿಸಿ ತನ್ನ ಬಳಿ ಇಟ್ಟುಕೊಂಡಿದ್ದ ಗಾಯವೂ ಈ ಮಂತ್ರಿಮಂಡಲದ ಪಾಲಿಗೆ ಬಂದಿತ್ತು.

ಪೋರ್ಟ್ ಲೂಯಿಯ ಶಾಸನಸಭೆಯ ಅಧಿಕೃತ ಭಾಷೆ ಇಂಗ್ಲಿಷು. ಫ್ರೆಂಚಿನಲ್ಲಿ ಮಾತನಾಡಲು ಅನುಮತಿಯುಂಟು. ಮನೆಯಲ್ಲಿ ಭೋಜಪುರಿಯನ್ನೂ ಬೀದಿಯಲ್ಲಿ ಕ್ರಿಯೋಲನ್ನೂ ಆಡುವ ಸದಸ್ಯನು ಸಭೆಯಲ್ಲಿ ಈ ಎರಡನ್ನೂ ಬಾಗಿಲಾಚೆಗಿಟ್ಟು ಬರಬೇಕಾಗಿತ್ತು. ಮಂತ್ರಿಗಳ ಸಾಮೂಹಿಕ ಹೊಣೆಗಾರಿಕೆಯ ಆಂಗ್ಲಪದ್ಧತಿಯೂ ಹಾಗೆಯೇ ಹೊರಗಿನಿಂದ ಬಂದುದು: ಒಳಗೆ ಎಷ್ಟೇ ಜಗಳವಾಡಲಿ, ಹೊರಗೆ ಒಂದೇ ಮಾತು. ಒಬ್ಬೊಬ್ಬ ಮಂತ್ರಿಯೂ ತನ್ನ ಜನದ ವಕೀಲನೆಂದೇ ಎಣಿಕೆಯಾಗುವಲ್ಲಿ ಈ ನಿಯಮವನ್ನು ಪಾಲಿಸುವುದು ಸುಲಭವಲ್ಲ. ವಿಷ್ಣುದಯಾಳರಿಗಂತೂ ಅದು ಒಗ್ಗಲೇ ಇಲ್ಲ. 1969ರಲ್ಲಿ ಅವರ ಪಕ್ಷ ಸರ್ಕಾರದಿಂದ ಹೊರನಡೆಯಿತು.

ಆಗ ರಾಮಗೂಲಾಮರು ಇಟ್ಟ ಹೆಜ್ಜೆ ಎಲ್ಲರನ್ನೂ ಬೆರಗುಗೊಳಿಸಿತು. ಸ್ವಾತಂತ್ರ್ಯವನ್ನು ವಿರೋಧಿಸಿದ ದ್ಯುವಾಲರನ್ನೇ ಕರೆದು, ಸ್ವತಂತ್ರ ಮಾರಿಷಸ್ಸಿನ ವಿದೇಶಾಂಗ ಮಂತ್ರಿಯನ್ನಾಗಿ ಮಾಡಿದರು. ಠಾಕುಠೀಕಾದ ಉಡುಪು, ಮಾತಿನ ಚಮತ್ಕಾರ, ಕ್ರಿಯೋಲ್ ಜನರ ಅರಸನೆಂಬ ಬಿರುದು, ಇವುಗಳೊಡನೆ ಬಂದ ದ್ಯುವಾಲರು ಪ್ರವಾಸೋದ್ಯಮಕ್ಕೆ ಜೀವ ತುಂಬಿದರು; 1970ರಲ್ಲಿ ರಫ್ತಿನ ಕಾರ್ಖಾನೆಗಳಿಗೆ ಸುಂಕವಿನಾಯಿತಿಯ ಶಾಸನವಾಗಿ, ಸಕ್ಕರೆಯೊಂದನ್ನೇ ನಂಬಿದ್ದ ನಾಡಿಗೆ ಎರಡನೆಯ ಜೀವನೋಪಾಯ ದೊರೆಯಿತು. ಬೀದಿಯ ವೈರವೂ ತಣಿಯಿತು. ಇದಕ್ಕೆ ತೆತ್ತ ಬೆಲೆಯನ್ನು ಮಾತ್ರ ರಾಮಗೂಲಾಮರ ಅಭಿಮಾನಿಗಳು ಮೆಲುದನಿಯಲ್ಲಿ ಹೇಳುತ್ತಾರೆ: 1972ರೊಳಗೆ ನಡೆಯಬೇಕಾಗಿದ್ದ ಚುನಾವಣೆಯನ್ನು ಸಂವಿಧಾನವನ್ನೇ ತಿದ್ದಿ 1976ಕ್ಕೆ ನೂಕಲಾಯಿತು. ಎರಡು ದೊಡ್ಡ ಪಕ್ಷಗಳೂ ಆಡಳಿತದಲ್ಲಿಯೇ ಕುಳಿತಮೇಲೆ ಆಕ್ಷೇಪಿಸುವವರು ಸಭೆಯಲ್ಲಿ ಎಷ್ಟು ಮಂದಿ ಉಳಿದಾರು?

ಆಕ್ಷೇಪ ಸಭೆಯ ಹೊರಗೆ ಬೆಳೆಯಿತು. ಜಾತಿಯನ್ನು ಬಿಟ್ಟು ವರ್ಗವನ್ನು ನೋಡಿರೆಂದು ಸಾರುತ್ತ 1969ರಲ್ಲಿ ಹುಟ್ಟಿದ ಎಂ.ಎಂ.ಎಂ. ಪಕ್ಷವು ಮರುವರ್ಷವೇ ತ್ರಿಯೊಲೆಯ ಉಪಚುನಾವಣೆಯಲ್ಲಿ, ಪ್ರಧಾನಿ ರಾಮಗೂಲಾಮರ ಸ್ವಂತ ಕ್ಷೇತ್ರದಲ್ಲಿ, ಗೆದ್ದಿತು. ಬಂದರಿನ ಕಾರ್ಮಿಕರು ಮುಷ್ಕರ ಹೂಡಿದರು. 1971ರ ಡಿಸೆಂಬರಿನಲ್ಲಿ ಮತ್ತೆ ತುರ್ತುಪರಿಸ್ಥಿತಿ ಬಂದು ಪಾಲ್ ಬೆರಾಂಜೆ ಮೊದಲಾದ ಆ ಪಕ್ಷದ ಮುಖಂಡರು ಸೆರೆಮನೆ ಸೇರಿದರು. ದ್ಯುವಾಲರೂ 1973ರಲ್ಲಿ ಮಂತ್ರಿಪದವಿಯಿಂದ ತೆಗೆದುಹಾಕಲ್ಪಟ್ಟರು. ಕಡೆಗೆ 1976ರ ಡಿಸೆಂಬರಿನಲ್ಲಿ ಮತಪೆಟ್ಟಿಗೆಗಳು ತೆರೆದಾಗ ಆ ಹೊಸ ಪಕ್ಷಕ್ಕೆ ಮೂವತ್ತನಾಲ್ಕು, ರಾಮಗೂಲಾಮರ ಕೂಟಕ್ಕೆ ಇಪ್ಪತ್ತೆಂಟು, ದ್ಯುವಾಲರಿಗೆ ಎಂಟು. ಇಪ್ಪತ್ತೆಂಟಕ್ಕೆ ಎಂಟನ್ನು ಕೂಡಿಸಿ ಮುದುಕ ವೈದ್ಯರು ಇನ್ನೂ ಐದು ವರ್ಷ ಆಳಿದರು. 1982ರಲ್ಲಿ ಅವರು ತಮ್ಮ ಸ್ಥಾನವನ್ನೇ ಕಳೆದುಕೊಂಡರು; ಮುಖ್ಯದ್ವೀಪದ ಅರವತ್ತು ಸ್ಥಾನಗಳಿಗೆ ಅರವತ್ತನ್ನೂ ಎದುರಾಳಿಗಳೇ ಗೆದ್ದರು. ಹಾಗೆ ಗೆದ್ದು ಬಂದುದೂ ಎರಡು ಪಕ್ಷಗಳ ಸಮ್ಮಿಶ್ರ ಮಂತ್ರಿಮಂಡಲವೇ. ಎದುರಿಸಲು ಬಲವಾದ ವಿರೋಧಪಕ್ಷವೇ ಇಲ್ಲದಿದ್ದ ಅದು, ವರ್ಷ ತುಂಬುವ ಮೊದಲೇ, ಒಳಜಗಳದಿಂದ ಒಡೆಯಿತು.