ಉಚಿತ ಬೇರೆ, ಮುಕ್ತ ಬೇರೆ

ನಮ್ಮ ಅಜ್ಜಿ ಸೋಬಾನೆ ಪದ ಹೇಳಿದರೇನೇ ಊರಿನ ಮದುವೆಗೆ ಕಳೆ. ಅಜ್ಜಿ ಈಗಿಲ್ಲ. ತಿ. ನರಸೀಪುರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ 2003ರಲ್ಲಿ, ಲಗ್ನಪತ್ರಿಕೆಗಳ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಆ ಪದಗಳನ್ನು ಟೈಪ್ ಮಾಡಿಟ್ಟಿದ್ದರು. ಬರೆದುಕೊಂಡಿದ್ದ ಪುಸ್ತಕ ಗೆದ್ದಲ ಪಾಲಾಯಿತು. ಕಳೆದ ರಜೆಯಲ್ಲಿ ಸಿ.ಡಿ. ಸಿಕ್ಕಿತು. ಆಸೆಯಿಂದ ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಒಂದಾದರೂ ಕನ್ನಡ ಅಕ್ಷರವಿಲ್ಲ! ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ.

ತಪ್ಪು ಮಾವನದಲ್ಲ. ಯುನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ನಮ್ಮ ಅಂಗಡಿಗಳಲ್ಲಿ ಬಹುಕಾಲ ನಡೆದದ್ದು ಹಳೆಯ ಪದ್ಧತಿಯೇ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳವು. ಆ ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಆದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಪದ ಹುಡುಕಲಾಗದು, ಮೊಬೈಲಿಗೆ ಕಳಿಸಿದರೆ ಓದಲಾಗದು.

ಇದರ ಬೆನ್ನು ಹತ್ತಿದಾಗ ಕನ್ನಡ ತಂತ್ರಾಂಶಗಳ ಹಳೆಯ ಚರ್ಚೆಯೊಂದು ಎದುರಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕಾಸು ಕೊಡದೆ ಕನ್ನಡ ಟೈಪಿಸುವ ಭಾಗ್ಯ ನಾಡಿಗೆ ಸಿಕ್ಕಿದ್ದು ಇವುಗಳಿಂದ. ಆ ಋಣ ದೊಡ್ಡದು. ಆದರೆ ಇವು ಉಚಿತವಾಗಿ ಸಿಕ್ಕವೇ ಹೊರತು ಸೋರ್ಸ್ ಕೋಡ್ ಎಲ್ಲರ ಕೈಗೆ ಸಿಗಲಿಲ್ಲ. ಕೋಡ್ ತೆರೆದಿಡಬೇಕು ಎಂದು ಕೆಲವರು, ತೆರೆದರೆ ಯಾರ್ಯಾರೋ ಹೆಸರು ಬದಲಿಸಿ ಮಾರುತ್ತಾರೆ, ನಿಭಾಯಿಸುವವರು ಯಾರು ಎಂದು ಇನ್ನು ಕೆಲವರು.

ಅಂಗಡಿಯಲ್ಲಿ ಈ ಮಾತು ತೆಗೆದಾಗ ಮಾವ ಎರಡನೆಯವರ ಪರ ನಿಂತರು. ‘ಕೋಡ್ ಬಿಟ್ಟುಕೊಟ್ರೆ ಹೊಟ್ಟೆಪಾಡೇನವ್ವ? ನನ್ನ ಲಗ್ನಪತ್ರಿಕೆ ಡಿಸೈನ್ ಫೈಲ್ ಕೊಟ್ಬುಟ್ರೆ ನಾಳೆ ಪಕ್ಕದಂಗಡಿಯೋನು ಅದನ್ನೇ ಮಾರ್ತಾನೆ ಕಣವ್ವ’ ಎಂದರು. ಇಪ್ಪತ್ತು ವರ್ಷ ಕೀಬೋರ್ಡ್ ಸವೆಸಿದವರ ಮಾತು, ತಳ್ಳಿಹಾಕಲಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ: ‘ಡಿಸೈನ್ ನಿಮ್ದೇ ಮಾವ. ಅಜ್ಜಿ ಪದ ಯಾರ್ದು?’ ಮಾವ ಏನೂ ಹೇಳಲಿಲ್ಲ.

ನನಗೆ ಉತ್ತರ ಸಿಕ್ಕಿದ್ದು ನನ್ನ ಲ್ಯಾಪ್‌ಟಾಪ್‌ನಲ್ಲೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ನುಡಿಯಲ್ಲಿದ್ದದ್ದು ಅದನ್ನೇ ಆಧರಿಸಿದ ವಿನ್ಯಾಸ. ಇಂದು ಲಿನಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಮೊಬೈಲ್ ಕೀಬೋರ್ಡ್‌ಗಳಲ್ಲೂ ಇದೆ. ಒತ್ತಕ್ಷರಕ್ಕೆ ‘ಎಫ್’ ಒತ್ತುವ ಮಾವನ ಅಭ್ಯಾಸ ನನ್ನ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ತೆರೆದಿಟ್ಟದ್ದು ಎಲ್ಲ ಕಡೆ ಹೋಯಿತು. ಮುಚ್ಚಿಟ್ಟದ್ದು ಹುಟ್ಟಿದ ಮನೆಯಲ್ಲೇ ಉಳಿಯಿತು.

ಪ್ರೋಗ್ರಾಮಿಂಗ್ ಭಾಷೆಗಳ ಕಥೆಯೂ ಇಷ್ಟೇ. 1997ರಲ್ಲಿ ಬಂದ ರೆಬಾಲ್ ಎಂಬ ಪುಟ್ಟ ಭಾಷೆಯನ್ನು ಮೆಚ್ಚಿದವರು ಕಡಿಮೆಯಿರಲಿಲ್ಲ. ಅದನ್ನು ರೂಪಿಸಿದ ಕಾರ್ಲ್ ಸಾಸೆನ್‌ರಾತ್ ಮೂರನೇ ಆವೃತ್ತಿಯ ಕೋಡ್ ತೆರೆದದ್ದು 2012ರಲ್ಲಿ. 1991ರಲ್ಲಿ ಸೋರ್ಸ್ ಸಮೇತವೇ ಬಂದ ಪೈಥಾನ್ ಅಷ್ಟರಲ್ಲಿ ಜಗತ್ತೆಲ್ಲ ಹಬ್ಬಿತ್ತು. ಅದಕ್ಕೆ ಬೇರೆ ಕಾರಣಗಳೂ ಇವೆ, ನಿಜ. ಆದರೂ ನಾವು ಕಾಲೇಜಿನಲ್ಲಿ ಯಾವುದನ್ನು ಕಲಿಯುತ್ತಿದ್ದೇವೆ ನೋಡಿ.

ಅಜ್ಜಿಯ ಪದಗಳಿಗಾಗಿ ಪೈಥಾನ್‌ನಲ್ಲೇ ಪರಿವರ್ತಕವೊಂದನ್ನು ಬರೆಯಲು ಕುಳಿತೆ. ಮೊದಲ ಯತ್ನದಲ್ಲಿ ‘ಸೂರ್ಯ’ ಹೋಗಿ ‘ಸೂಯರ್’ ಆಗಿದ್ದ! ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಮೊದಲು ಬರಬೇಕು. ಇದನ್ನು ನನಗೆ ಕಲಿಸಿದ್ದು ಯಾರೋ ಪುಣ್ಯಾತ್ಮರು ತೆರೆದಿಟ್ಟಿದ್ದ ಮತ್ತೊಂದು ಪರಿವರ್ತಕದ ಕೋಡ್. ಅದನ್ನು ಓದಿಕೊಂಡು ನನ್ನದನ್ನು ಸರಿಪಡಿಸಿದೆ. ಬೇಕಾದವರಿಗಿರಲಿ ಎಂದು ನನ್ನ ಕೋಡನ್ನೂ ಗಿಟ್‌ಹಬ್‌ನಲ್ಲಿ ಹಾಕಿದ್ದೇನೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ತಂತ್ರಾಂಶ ಆರಿಸುವ ಗೆಳೆಯರಿಗೆ ನನ್ನದೊಂದೇ ಮಾತು. ‘ಇದು ಫ್ರೀನಾ?’ ಎಂದಷ್ಟೇ ಕೇಳಬೇಡಿ. ‘ಮಾಡಿದವರು ನಾಳೆ ಕೈಬಿಟ್ಟರೆ ನಾನು ಮುಂದುವರಿಸಬಹುದಾ?’ ಎಂದೂ ಕೇಳಿ.

ಪದಗಳನ್ನು ಅಮ್ಮನ ಮೊಬೈಲಿಗೆ ಕಳಿಸಿದೆ. ಅಮ್ಮ ಒಲೆಯ ಮುಂದೆ ನಿಂತೇ ಓದುತ್ತಾ, ಗುನುಗುತ್ತಾ, ತಟ್ಟನೆ ನಿಲ್ಲಿಸಿ, ‘ನಿಮ್ಮಾವ ಇಲ್ಲೊಂದು ಸಾಲು ಬಿಟ್ಟವ್ನೆ’ ಎಂದರು. ಆಮೇಲೆ ಒದ್ದೆ ಕೈ ಒರೆಸಿಕೊಂಡು, ಆ ಸಾಲನ್ನು ತಾವೇ ಟೈಪ್ ಮಾಡಿ ಸೇರಿಸಿದರು.