ರೂಮು ಮಾಡಿದವರಿಗೆ ಸಾಲು ಮನ್ನಾ

ಬೆಳ್ಳಂಬೆಳಗ್ಗೆ ಏಳು ಗಂಟೆಗೆ ಹೋಟೆಲಿನಲ್ಲಿ ಚೆಕ್ ಇನ್ ಮಾಡಲು ಸಂಸಾರ ಸಮೇತ ನುಗ್ಗುವ ಜನರನ್ನು ನಾನು ನೋಡಿದ್ದು ಅಮೆರಿಕದ ಒರ್ಲ್ಯಾಂಡೊದಲ್ಲಿ. ಯೂನಿವರ್ಸಲ್ ಥೀಮ್ ಪಾರ್ಕಿನ ಮಗ್ಗುಲಲ್ಲೇ ಇರುವ ರಾಯಲ್ ಪೆಸಿಫಿಕ್ ಹೋಟೆಲಿನ ಲಾಬಿ ಅದು. ರೂಮು ಕೈಗೆ ಸಿಗುವುದು ಸಂಜೆ ನಾಲ್ಕಕ್ಕೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಯಾರಿಗೂ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಸೂಟ್‌ಕೇಸುಗಳನ್ನು ಬೆಲ್ ಡೆಸ್ಕಿಗೆ ಒಪ್ಪಿಸುವುದು, ಲಾಬಿಯ ಯಂತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು, ಯಂತ್ರ ಕೊಟ್ಟ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಪಾರ್ಕಿನ ದೋಣಿ ಹಿಡಿಯಲು ಓಡುವುದು. ರೂಮು ಯಾವ ಮಹಡಿಯಲ್ಲಿದೆ, ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಿದವರು ಒಬ್ಬರೂ ಇಲ್ಲ.

ನಮ್ಮನ್ನು ಕರೆದೊಯ್ದವನು ಅಕ್ಕನ ಮಗ. ಬೆಂಗಳೂರಿನಿಂದ ಹೋಗಿ ಫ್ಲಾರಿಡಾದಲ್ಲಿ ನೆಲೆಸಿದ ಸಾಫ್ಟ್‌ವೇರ್ ಹುಡುಗ. "ಇಷ್ಟು ದುಬಾರಿ ಹೋಟೆಲ್ ಯಾಕೋ? ದಾರೀಲಿ ಅಷ್ಟೊಂದು ಮೋಟೆಲ್ ಇದ್ವಲ್ಲ" ಎಂದೆ. "ಚಿಕ್ಕಮ್ಮ, ರೂಮು ಮಲಗೋಕಲ್ಲ, ಈ ಕಾರ್ಡಿಗೆ. ಕಾರ್ಡ್ ತಗೊಂಡ್ರೆ ರೂಮು ಫ್ರೀ ಅಂದ್ಕೊಳ್ಳಿ" ಎಂದು ನಕ್ಕ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಅವನು ಮೊಬೈಲಿನಲ್ಲಿ ಲೆಕ್ಕ ತೋರಿಸಿದ. ಊರಿಗೆ ಮರಳಿದ ಮೇಲೂ ಆ ಲೆಕ್ಕ ನನ್ನ ತಲೆಯಿಂದ ಇಳಿದಿಲ್ಲ.

ಕಾರ್ಡಿನ ಹೆಸರು 'ಎಕ್ಸ್‌ಪ್ರೆಸ್ ಅನ್‌ಲಿಮಿಟೆಡ್'. ಹೆಚ್ಚಿನ ರೈಡುಗಳ ಬಾಗಿಲಲ್ಲಿ ಎರಡು ದಾರಿಗಳಿರುತ್ತವೆ. ಒಂದು ಸಾಮಾನ್ಯರದು, ಇನ್ನೊಂದು ಎಕ್ಸ್‌ಪ್ರೆಸ್. ಕಾರ್ಡ್ ಇದ್ದವರು ಎರಡನೆಯದರಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು. ಬಿಡಿಯಾಗಿ ಕೊಳ್ಳುವುದಾದರೆ ಜನ ಕಿಕ್ಕಿರಿಯುವ ದಿನಗಳಲ್ಲಿ ತಲೆಗೆ 200 ಡಾಲರ್ ದಾಟುತ್ತದೆ, ಕ್ರಿಸ್‌ಮಸ್ ವಾರದಲ್ಲಿ 300 ದಾಟುವುದೂ ಉಂಟು. ಪಾರ್ಕಿನ ಪ್ರವೇಶ ಟಿಕೆಟ್ ಬೇರೆ. ಆದರೆ ಯೂನಿವರ್ಸಲ್‌ನ ಹನ್ನೊಂದು ಹೋಟೆಲುಗಳ ಪೈಕಿ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಎಂಬ ಮೂರರಲ್ಲಿ ತಂಗುವವರಿಗೆ ಇದು ಬಾಡಿಗೆಯಲ್ಲೇ ಸೇರಿದೆ. ಉಳಿದ ಹೋಟೆಲಿನವರು ಬೇಕಿದ್ದರೆ ದುಡ್ಡು ಕೊಟ್ಟು ಕೊಳ್ಳಬೇಕು.

ಸ್ವಾರಸ್ಯ ಇರುವುದು ದಿನ ಎಣಿಸುವ ರೀತಿಯಲ್ಲಿ. ಚೆಕ್ ಇನ್ ಮಾಡುವ ದಿನ ಬೆಳಗ್ಗೆ ಪಾರ್ಕಿನ ಬಾಗಿಲು ತೆಗೆದಾಗಿನಿಂದ, ರೂಮು ಖಾಲಿ ಮಾಡುವ ದಿನ ರಾತ್ರಿ ಬಾಗಿಲು ಹಾಕುವವರೆಗೂ ಕಾರ್ಡ್ ನಡೆಯುತ್ತದೆ. ಅಂದರೆ ಒಂದು ರಾತ್ರಿಯ ಬಾಡಿಗೆಗೆ ಎರಡು ಹಗಲು. ರೂಮಿನಲ್ಲಿ ನಾಲ್ವರಿದ್ದರೆ ಎಂಟು ಪಾಸು. ತಲೆಗೆ 150 ಡಾಲರ್ ಎಂದು ಕಮ್ಮಿ ಹಿಡಿದರೂ 1,200 ಡಾಲರ್. ರೂಮಿನ ಬಾಡಿಗೆ 500 ಆಗಲಿ, 600 ಆಗಲಿ, ಲಾಭವೇ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಪಾಸಿಗಾಗಿ ಒಂದೇ ರಾತ್ರಿ ಇಲ್ಲಿ ಹೆಸರು ಬರೆಸಿ, ಉಳಿದ ರಾತ್ರಿಗಳಿಗೆ ಅಗ್ಗದ ಹೋಟೆಲಿಗೆ ಹೋಗುವವರಿದ್ದಾರೆ. ರೂಮು ಹಿಡಿದೂ ಅದರ ಹಾಸಿಗೆಯನ್ನು ಮುಟ್ಟದೆ ಎರಡನೆಯ ಸಂಜೆ ಕಾರು ಹತ್ತುವ ಸ್ಥಳೀಯರೂ ಇದ್ದಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮಂಗಳವಾರ ಬೆಳಗ್ಗೆ ಒಂದು ಸಂಸಾರ ರೂಮು ಖಾಲಿ ಮಾಡುತ್ತದೆ, ಅದೇ ರೂಮಿಗೆ ಅಂದೇ ಇನ್ನೊಂದು ಸಂಸಾರ ಬರುತ್ತದೆ. ಮಂಗಳವಾರದ ಮಟ್ಟಿಗೆ ಇಬ್ಬರ ಕಾರ್ಡೂ ಚಾಲ್ತಿ! ಇಬ್ಬರೂ ಒಟ್ಟಿಗೆ ಒಂದು ಗಂಟೆಯೂ ಇರಲಾಗದ ಒಂದೇ ರೂಮಿನ ಹೆಸರಿನಲ್ಲಿ ಎಂಟು ಜನ ಏಕಕಾಲಕ್ಕೆ ಸಾಲು ತಪ್ಪಿಸುತ್ತಿರುತ್ತಾರೆ. ಪೋರ್ಟೊಫಿನೊದಲ್ಲಿ 750 ರೂಮು, ಹಾರ್ಡ್ ರಾಕ್‌ನಲ್ಲಿ 650, ರಾಯಲ್ ಪೆಸಿಫಿಕ್‌ನಲ್ಲಿ 1,000. ಒಟ್ಟು 2,400. ರೂಮಿಗೆ ನಾಲ್ವರಂತೆ ತುಂಬಿದರೆ 9,600 ಜನ. ಎಲ್ಲ ರೂಮುಗಳೂ ಒಂದೇ ದಿನ ಕೈ ಬದಲಾಯಿಸಿದವು ಎನ್ನಿ, ಕಾರ್ಡುದಾರರು 19,200! ಹಾಗೆ ಎಂದೂ ಆಗಲಿಕ್ಕಿಲ್ಲ. ಆದರೂ ಪಕ್ಕದ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕಿಗೆ ವರ್ಷಕ್ಕೆ ಬರುವವರು ಸುಮಾರು ಒಂದು ಕೋಟಿ, ಅಂದರೆ ದಿನಕ್ಕೆ ಸರಾಸರಿ 27,000 ಎಂಬುದನ್ನು ನೆನೆದರೆ ಈ ಸಂಖ್ಯೆ ಸಣ್ಣದಲ್ಲ ಎಂದು ತಿಳಿಯುತ್ತದೆ. ಮೊದಮೊದಲು ರೂಮಿನ ಕೀಲಿಕಾರ್ಡನ್ನು ತೋರಿಸಿದರೆ ಸಾಕಿತ್ತಂತೆ. ಕೀಲಿ ಯಾರ ಕೈಯಲ್ಲಿ ಬೇಕಾದರೂ ಇರಬಹುದಲ್ಲ? ಫೋಟೊ ಬಂತು.

ಹೋಟೆಲಿಗೂ ಪಾರ್ಕಿಗೂ ಈ ನಂಟು ಹುಟ್ಟಿನಿಂದ ಬಂದದ್ದಲ್ಲ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ವಾಲ್ಟ್ ಡಿಸ್ನಿ ಕೈಯಲ್ಲಿ ಹೋಟೆಲ್ ಕಟ್ಟುವಷ್ಟು ಹಣವಿರಲಿಲ್ಲ. ಅದನ್ನು ಕಟ್ಟಿದ್ದು ಜಾಕ್ ರಾದರ್ ಎಂಬ ಟಿ.ವಿ. ನಿರ್ಮಾಪಕ. ಡಿಸ್ನಿ ಕಂಪನಿಗೆ ಆ ಹೋಟೆಲ್ ದಕ್ಕಿದ್ದು 1988ರಲ್ಲಿ. ಪಾರ್ಕಿನ ಸುತ್ತ ಬೇರೆಯವರ ಮೋಟೆಲುಗಳು ಎದ್ದು ದುಡ್ಡು ಬಾಚಿದ್ದನ್ನು ಕಂಡು, ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ಸುಮಾರು 27,000 ಎಕರೆ ಕೊಂಡು ಬೇಲಿ ಹಾಕಿದ. 1971ರಲ್ಲಿ ಅಲ್ಲಿನ ಪಾರ್ಕ್ ತೆರೆದದ್ದೇ ಸ್ವಂತ ಹೋಟೆಲುಗಳ ಜೊತೆ. ಆಗ ಹೋಟೆಲ್ ಮಾರುತ್ತಿದ್ದದ್ದು ಸಾಮೀಪ್ಯವನ್ನು. ಮೊನೊರೈಲು ಕಂಟೆಂಪರರಿ ಹೋಟೆಲಿನ ಹೊಟ್ಟೆಯೊಳಗೇ ಬಂದು ನಿಲ್ಲುತ್ತಿತ್ತು, ಈಗಲೂ ನಿಲ್ಲುತ್ತದೆ.

1999ರಲ್ಲಿ ಡಿಸ್ನಿ ಫಾಸ್ಟ್‌ಪಾಸ್ ಎಂಬ ಕಾಗದದ ಚೀಟಿ ತಂದಿತು. ಇಂಥ ಹೊತ್ತಿಗೆ ಬನ್ನಿ, ಸಾಲಿಲ್ಲದೆ ಬಿಡುತ್ತೇವೆ ಎನ್ನುವ ಚೀಟಿ. ಟಿಕೆಟ್ ಇದ್ದ ಎಲ್ಲರಿಗೂ ಉಚಿತ, ಎಲ್ಲರಿಗೂ ಒಂದೇ ನಿಯಮ. ಸಾಲಿನಲ್ಲಿ ನಿಂತವರು ಅಂಗಡಿಯಲ್ಲಿ ಖರ್ಚು ಮಾಡಲಾರರು, ಅವರನ್ನು ಸಾಲಿನಿಂದ ಬಿಡಿಸಿದರೆ ವ್ಯಾಪಾರವೂ ಆಗುತ್ತದೆ ಎಂಬ ಜಾಣತನ ಅದರಲ್ಲಿತ್ತು ನಿಜ. ಆದರೂ ಅದು ನನಗೆ ಬಹಳ ಇಷ್ಟವಾಗುವ ವ್ಯವಸ್ಥೆ. ಆಮೇಲೆ ಮೆಟ್ಟಿಲುಗಳು ಶುರುವಾದವು. ಸುಮಾರು 100 ಕೋಟಿ ಡಾಲರ್ ಸುರಿದು ಕೈಪಟ್ಟಿಯ ತಂತ್ರಜ್ಞಾನ ತಂದಾಗ ಡಿಸ್ನಿ ಹೋಟೆಲಿನಲ್ಲಿ ತಂಗುವವರು 60 ದಿನ ಮೊದಲೇ, ಹೊರಗಿನವರು 30 ದಿನ ಮೊದಲು ಸರದಿ ಕಾದಿರಿಸಬಹುದು ಎಂದಾಯಿತು. ಕೋವಿಡ್ ನೆಪದಲ್ಲಿ ನಿಂತ ಉಚಿತ ಪಾಸು ಮತ್ತೆ ಬರಲೇ ಇಲ್ಲ. 2021ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ದಿನಕ್ಕೆ 15 ಡಾಲರಿನ ಜೀನೀ ಪ್ಲಸ್ ಬಂತು. ಈಗ ಅದರ ಹೆಸರು ಲೈಟ್ನಿಂಗ್ ಲೇನ್. ಹೋಟೆಲಿನವರಿಗೆ ಏಳು ದಿನ, ಉಳಿದವರಿಗೆ ಮೂರು ದಿನ ಮುಂಚೆ ಬುಕಿಂಗ್. 2024ರಲ್ಲಿ ಬಂದ ಪ್ರೀಮಿಯರ್ ಪಾಸಿಗೆ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 449 ಡಾಲರ್‌ವರೆಗೂ ಬೆಲೆ. ಅದನ್ನು ಕೊಳ್ಳುವ ಅವಕಾಶವೂ ಆರಂಭದಲ್ಲಿ ದುಬಾರಿ ಹೋಟೆಲುಗಳ ಅತಿಥಿಗಳಿಗೇ ಮೀಸಲು. ಬೆಳಗ್ಗೆ ಅರ್ಧ ಗಂಟೆ ಮುಂಚಿನ ಪ್ರವೇಶ ಡಿಸ್ನಿಯ ಎಲ್ಲ ಹೋಟೆಲಿನವರಿಗೂ ಇದೆ, ರಾತ್ರಿ ಪಾರ್ಕ್ ಮುಚ್ಚಿದ ಮೇಲಿನ ಹೆಚ್ಚುವರಿ ಹೊತ್ತು ಮಾತ್ರ ಡೀಲಕ್ಸ್ ವರ್ಗಕ್ಕೆ. ಟೋಕಿಯೊ ಡಿಸ್ನಿಯವರು ತಮ್ಮ ಹೋಟೆಲಿನವರಿಗೆ ಕೊಡುವುದು ಹದಿನೈದೇ ನಿಮಿಷ. ಇದ್ದುದರಲ್ಲಿ ಅವರದೇ ಸಂಯಮ ಎನ್ನಬೇಕು.

ನಮ್ಮ ಕಾರ್ಡಿಗೆ ಬರೋಣ. ಹಲ್ಕ್ ರೋಲರ್ ಕೋಸ್ಟರಿನ ಹತ್ತಿರ ಎರಡೂ ದಾರಿಗಳು ಕೂಡುವ ಒಂದು ಜಾಗವಿದೆ. ಅಲ್ಲಿ ನಿಂತ ಹುಡುಗಿ ಕೈ ಅಡ್ಡ ಹಿಡಿದು ಸಾಮಾನ್ಯರ ಸಾಲನ್ನು ತಡೆಯುತ್ತಾಳೆ, ನಮ್ಮ ಕಡೆಯಿಂದ ಒಂದು ಗುಂಪನ್ನು ಬಿಡುತ್ತಾಳೆ, ಆಮೇಲೆ ಆ ಕಡೆಯಿಂದ ಕೆಲವರನ್ನು, ಮತ್ತೆ ನಮ್ಮವರನ್ನು. ಇಡೀ ಪಾರ್ಕಿನಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ರೈಡ್ ಅವಳ ಆ ಕೈ! ನಾನು ಮೊಮ್ಮಕ್ಕಳ ಚೀಲ ಹೊತ್ತು ಅಲ್ಲೇ ಬದಿಗೆ ನಿಂತು ಬಹಳ ಹೊತ್ತು ನೋಡಿದೆ. ಬಿಸಿಲಲ್ಲಿ ಒಂದೂವರೆ ಗಂಟೆ ನಿಂತು ಅಲ್ಲಿಗೆ ತಲುಪಿದ ತಂದೆಯೊಬ್ಬ, ಈಗಷ್ಟೇ ಐಸ್‌ಕ್ರೀಮು ಮುಗಿಸಿ ಬಂದ ನಮ್ಮ ಹುಡುಗರನ್ನು ದಿಟ್ಟಿಸುತ್ತಿದ್ದ. ಬೈಗುಳವಿಲ್ಲ, ತಳ್ಳಾಟವಿಲ್ಲ.

ಆ ಕೈ ಮಾಡುವ ಕೆಲಸವನ್ನು ಲೆಕ್ಕಕ್ಕೆ ಇಳಿಸುವುದು ಸುಲಭ. ಗಂಟೆಗೆ 1,500 ಜನರನ್ನು ಕೂರಿಸುವ ರೈಡ್, ಸಾಲಿನಲ್ಲಿ 1,800 ಜನ ಎಂದುಕೊಳ್ಳಿ. ಕೊನೆಯವನ ಸರದಿ 72 ನಿಮಿಷಕ್ಕೆ ಬರಬೇಕು. ಗಂಟೆಗೆ 600 ಸೀಟು ಎಕ್ಸ್‌ಪ್ರೆಸ್‌ನವರಿಗೆ ಹೋದರೆ ಉಳಿಯುವುದು 900. ಅದೇ ಮನುಷ್ಯ ಈಗ ಎರಡು ಗಂಟೆ ನಿಲ್ಲಬೇಕು. ಇಂಟರ್‌ನೆಟ್‌ನ ಹಿರಿಯರಲ್ಲಿ ಒಬ್ಬರಾದ ಲಿಯೊನಾರ್ಡ್ ಕ್ಲೈನ್‌ರಾಕ್ 1965ರಲ್ಲೇ ಸಾಲುಗಳ ಗಣಿತದಲ್ಲಿ ಇದಕ್ಕೊಂದು ನಿಯಮ ಕೊಟ್ಟರು. ಷರತ್ತುಗಳನ್ನು ಬದಿಗಿಟ್ಟು ಹೇಳುವುದಾದರೆ, ಯಾರನ್ನು ಮುಂದೆ ಬಿಟ್ಟರೂ ಒಟ್ಟು ಕಾಯುವಿಕೆ ಕರಗುವುದಿಲ್ಲ, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ. ನಮ್ಮ ಹುಡುಗರು ಉಳಿಸಿದ ನಿಮಿಷಗಳನ್ನು ಆ ತಂದೆ ನಿಂತು ತೀರಿಸುತ್ತಿದ್ದ.

ದುಡ್ಡಿದ್ದವರು ಮುಂದೆ ಹೋಗುವುದು ನಮಗೆ ಹೊಸತೇನಲ್ಲ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ ಎಲ್ಲರಿಗೂ ಗೊತ್ತು. ಬಿಡದಿಯ ವಂಡರ್‌ಲಾದಲ್ಲೂ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಇವೆರಡರಲ್ಲೂ ಮಾರಾಟ ನೇರ. ಇಷ್ಟು ಕೊಟ್ಟೆ, ಇಷ್ಟು ಮುಂದೆ ಹೋದೆ. ಹೋಟೆಲಿನ ಮಾಯೆ ಬೇರೆ. ಅಲ್ಲಿ ಸಾಲು ದಾಟುವ ಹಕ್ಕನ್ನು ಕೊಂಡೆ ಎಂದು ಯಾರಿಗೂ ಅನ್ನಿಸುವುದಿಲ್ಲ. ನಾನು ಅತಿಥಿ, ಅತಿಥಿಗೆ ಸಿಗಬೇಕಾದ ಉಪಚಾರ ಸಿಕ್ಕಿತು ಅನ್ನಿಸುತ್ತದೆ. ಕೌಂಟರಿನಲ್ಲಿ ತಲೆಗೆ 200 ಡಾಲರ್ ಎಣಿಸಿಕೊಡಲು ಮುಜುಗರಪಡುವ ಮಧ್ಯಮ ವರ್ಗದ ಮನಸ್ಸು, ಅದೇ ಮೊತ್ತವನ್ನು ರೂಮಿನ ಬಿಲ್ಲಿನಲ್ಲಿ ಹಾಯಾಗಿ ಕಟ್ಟುತ್ತದೆ. ನನಗೂ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಹಾರ್ವರ್ಡಿನ ಮೈಕೆಲ್ ಸ್ಯಾಂಡೆಲ್ 2012ರ ತಮ್ಮ ಪುಸ್ತಕದಲ್ಲಿ ಇಂಥ ಪಾರ್ಕುಗಳನ್ನು ಎತ್ತಿಕೊಂಡು, ಕೆಲವೆಡೆ ಹಣ ಕೊಟ್ಟವರನ್ನು ಹಿಂಬಾಗಿಲಿನಿಂದ ಕರೆದೊಯ್ಯುವುದನ್ನು ಗುರುತಿಸಿದ್ದಾರೆ. ನನಗನ್ನಿಸುವಂತೆ ಹೋಟೆಲ್ ರೂಮಿನಷ್ಟು ಸಭ್ಯವಾದ ಹಿಂಬಾಗಿಲು ಇನ್ನೊಂದಿಲ್ಲ.

ಸಭ್ಯತೆ ಕಳಚಿ ಬಿದ್ದದ್ದೂ ಉಂಟು. ಅಂಗವಿಕಲರಿಗೆ ಡಿಸ್ನಿ ಕೊಡುತ್ತಿದ್ದ ವಿಶೇಷ ಪ್ರವೇಶವನ್ನು ಬಳಸಿಕೊಳ್ಳಲು ಮ್ಯಾನ್‌ಹಟನ್‌ನ ಸಿರಿವಂತ ತಾಯಂದಿರು ಗಂಟೆಗೆ 130 ಡಾಲರ್ ಕೊಟ್ಟು ಅಂಗವಿಕಲ ಗೈಡುಗಳನ್ನು ನೇಮಿಸಿಕೊಳ್ಳುತ್ತಿದ್ದಾರೆ ಎಂದು 2013ರಲ್ಲಿ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆ ಬರೆಯಿತು. ಅದೇ ವರ್ಷ ಡಿಸ್ನಿ ನಿಯಮ ಬಿಗಿ ಮಾಡಿತು. ತೊಂದರೆ ಅನುಭವಿಸಿದವರು ನಿಜವಾಗಿ ಆ ಸೌಲಭ್ಯ ಬೇಕಿದ್ದವರು.

ಎಕ್ಸ್‌ಪ್ರೆಸ್ ಸವಲತ್ತನ್ನು ಪಾರ್ಕಿನವರು ಎಲ್ಲಿ ಕೊಡುವುದಿಲ್ಲ ಎಂದು ನೋಡಿದರೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2019ರ ಜೂನ್‌ನಲ್ಲಿ ಹ್ಯಾರಿ ಪಾಟರ್ ಲೋಕದ ಹ್ಯಾಗ್ರಿಡ್ ಬೈಕ್ ರೈಡ್ ಶುರುವಾದ ದಿನ ಸಾಲು ಹತ್ತು ಗಂಟೆ ಮುಟ್ಟಿತ್ತು. ಆಗ ಅದಕ್ಕೆ ಎಕ್ಸ್‌ಪ್ರೆಸ್ ದಾರಿಯನ್ನೇ ಬಿಡಲಿಲ್ಲ. ಎಲ್ಲರೂ ನಿಂತರು. 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್ ಎಂಬ ಹೊಸ ಪಾರ್ಕಿನಲ್ಲೂ ಮೂರು ಹೋಟೆಲುಗಳ ಉಚಿತ ಕಾರ್ಡಿಗೆ ಮಾನ್ಯತೆ ಕೊಡಲಿಲ್ಲ. ಪಾರ್ಕಿಗೇ ಅಂಟಿಕೊಂಡ ಹೀಲಿಯೊಸ್ ಹೋಟೆಲಿನವರಿಗೆ ಸಿಕ್ಕಿದ್ದು ಸ್ವಂತ ಬಾಗಿಲು, ಉಚಿತ ಕಾರ್ಡಲ್ಲ. ಬಾಗಿಲು ದಾಟಿದ ಮೇಲೆ ಅವರೂ ಸಾಲಿನವರೇ. ಎಲ್ಲಿ ಸಾಲು ನಿಜಕ್ಕೂ ಉದ್ದವೋ ಅಲ್ಲಿ ಅತಿಥಿ ಉಪಚಾರ ನಿಲ್ಲುತ್ತದೆ.

ಸಾಲು ಇಲ್ಲದ ಕಡೆಯೂ ಕಾರ್ಡಿಗೆ ಬೆಲೆಯಿಲ್ಲ. ಹಾಗಾಗಿ ಸಾಲುಗಳನ್ನು ಪೂರಾ ಕರಗಿಸುವುದರಲ್ಲಿ ಪಾರ್ಕಿನವರಿಗೆ ಎಷ್ಟು ಆಸಕ್ತಿ ಇದ್ದೀತು ಎಂಬ ಅನುಮಾನ ನನಗೆ ಉಳಿದೇ ಇದೆ. ಅಕ್ಕನ ಮಗ ಆಗಲೇ ಬರುವ ಡಿಸೆಂಬರಿಗೆ ಅದೇ ಹೋಟೆಲಿನಲ್ಲಿ ಒಂದು ರಾತ್ರಿ ಕಾದಿರಿಸಲು ಹೊರಟಿದ್ದಾನೆ. "ಅಮೆರಿಕದ ಸ್ಕೂಲೆಲ್ಲ ಶುರುವಾದ ಮೇಲೆ ಸೆಪ್ಟೆಂಬರಲ್ಲಿ ಪಾರ್ಕ್ ಖಾಲಿ ಹೊಡೀತಿರತ್ತಂತಲ್ಲೋ, ಆಗ ಹೋಗು. ಮೋಟೆಲ್ ಸಾಕು, ಕಾರ್ಡೂ ಬೇಡ" ಎಂದು ಫೋನಿನಲ್ಲಿ ಹೇಳಿದೆ. "ನಿಜ ಚಿಕ್ಕಮ್ಮ. ಆದ್ರೆ ಅದು ಚಂಡಮಾರುತದ ಸೀಸನ್ನು" ಅಂದ.